ಒರೆಸಿದರೆ ಹೋಗುವ ಅಕ್ಷರ

ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಬಿ.ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆ ತೆರೆಯುವ ಯೋಜನೆ ಮಂಡಿಸಿದರು. ಕಂದಾಯ ವಸೂಲಿಗೆಂದು ಗೆರೆ ಹಾಕಿದ್ದ ಹೋಬಳಿ ಅಲ್ಲಿಂದ ಮುಂದೆ ಅಕ್ಷರದ ಲೆಕ್ಕಕ್ಕೂ ಬಂತು. ಮುಂದೆ ಅದೇ ರೈಸ್ ಶಾಲೆಗಳ ತಪಾಸಣೆ ಬಿಟ್ಟು ಶಾಸನಗಳ ಹಿಂದೆ ಬಿದ್ದರು. ಶಿಕಾರಿಪುರ ತಾಲ್ಲೂಕಿನ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ 1902ರಲ್ಲಿ ಅಚ್ಚಾದವು, ಸೊರಬದವು 8ನೇ ಸಂಪುಟದಲ್ಲಿ, 1904ರಲ್ಲಿ. ಶಾಲೆ ಕಟ್ಟಲು ಹೊರಟಿದ್ದ ಮನುಷ್ಯನಿಗೆ ಈ ಸೀಮೆಯ ಕಲ್ಲುಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದೂ ಶಾಲೆಯ ಸುದ್ದಿಯೇ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನದ ಕಂಬವನ್ನೇ ನೋಡಿ. ರೈಸ್ ಅದನ್ನು 1894ರಲ್ಲಿ ಗುರುತಿಸಿದರು. ಐದನೇ ಶತಮಾನದ ನಡುವಿನಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕವಿ ಕುಬ್ಜ ರಚಿಸಿದ ಆ ಶಾಸನದ ಕಥಾನಾಯಕ ಮಯೂರಶರ್ಮ ಮೊದಲು ವಿದ್ಯಾರ್ಥಿ, ಆಮೇಲೆ ರಾಜ. ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋದವನು ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಪುಸ್ತಕ ಬಿಟ್ಟು ಕತ್ತಿ ಹಿಡಿದ. ಕರ್ನಾಟಕದ ಒಂದು ರಾಜವಂಶ ಹುಟ್ಟಿದ್ದು ಪರವೂರಿನ ಶಾಲೆಯಲ್ಲಿ ಆದ ಅವಮಾನದಿಂದ.

ತಾಳಗುಂದದ ಪಕ್ಕದ ಬಳ್ಳಿಗಾವಿಯಲ್ಲಿ, ಕೇದಾರೇಶ್ವರ ದೇಗುಲಕ್ಕೆ ಸೇರಿದ್ದ ಕೋಡಿಯ ಮಠದ 1162ರ ಶಾಸನ ಇನ್ನೂ ವಿವರವಾಗಿದೆ. ಅಲ್ಲಿ ಏನೇನು ಕಲಿಸುತ್ತಿದ್ದರು ಎಂಬ ಪಟ್ಟಿಯಲ್ಲಿ ನಾಲ್ಕು ವೇದಗಳಿವೆ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳಿವೆ, ನ್ಯಾಯ, ವೈಶೇಷಿಕ, ಸಾಂಖ್ಯದ ಜೊತೆ ಬೌದ್ಧ ದರ್ಶನವೂ ಇದೆ. ಕಾವ್ಯ, ನಾಟಕಗಳನ್ನೂ ಬಿಟ್ಟಿಲ್ಲ. ಅದೇ ಉಸಿರಿನಲ್ಲಿ ಶಾಸನ ಇನ್ನೊಂದು ಪಟ್ಟಿ ಕೊಡುತ್ತದೆ: ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧಿ, ಎಲ್ಲ ಜೀವಿಗಳಿಗೆ ಅಭಯ. ಪಾಠ, ಊಟ, ಮದ್ದು, ರಕ್ಷಣೆ ಎಲ್ಲವೂ ಒಂದೇ ಸಂಸ್ಥೆಯ ಹೊಣೆ. ಇಂದಿನ ಸರ್ಕಾರಿ ಶಾಲೆಯ ಹೆಡ್ ಮಾಸ್ಟರು ಬೆಳಿಗ್ಗೆಯಿಂದ ಸಂಜೆತನಕ ಮಾಡುವ ಕೆಲಸದ ಪಟ್ಟಿಯೂ ಹೆಚ್ಚುಕಡಿಮೆ ಇದೇ, ವೇದ, ಬೌದ್ಧ ದರ್ಶನಗಳನ್ನು ಬಿಟ್ಟರೆ.

ಆದರೆ ಯಾವುದರ ಮೇಲೆ ಬರೆದು ಕಲಿಯುತ್ತಿದ್ದರು ಎಂದು ಶಾಸನಗಳು ಹೇಳುವುದಿಲ್ಲ. ಉಪಕರಣದ ಚರಿತ್ರೆ ಹುಡುಕಬೇಕಾದ್ದು ಕಲ್ಲಿನ ಮೇಲಿನ ಅಕ್ಷರದಲ್ಲಲ್ಲ, ಕಲ್ಲಿನಲ್ಲೇ. ಕೇದಾರೇಶ್ವರ ದೇಗುಲ ಕಟ್ಟಿದ್ದು ಬಳಪದ ಕಲ್ಲಿನಿಂದ. ಉಗುರು ತಾಗಿದರೂ ಗೀರು ಬೀಳುವಷ್ಟು ಮೆದುವಾದ ಈ ಕಲ್ಲು ಶಿಲ್ಪಿಗೆ ಎಷ್ಟು ಒದಗಿತೋ ಮಗುವಿನ ಬೆರಳಿಗೂ ಅಷ್ಟೇ ಒದಗಿತು. ಅದರ ಚೂರೇ ಬಳಪ.

ಬಳಪಕ್ಕೂ ಮೊದಲು ಮರಳು. ಹಳೆಯ ಕಾಲದ ಊರ ಶಾಲೆಯಾದ ಕೂಲಿಮಠದ ಜಗಲಿಯಲ್ಲಿ ಮರಳು ಹರವಿ, ತೋರುಬೆರಳಿನಿಂದ ಅಕ್ಷರ ತೀಡಿಸಿ, ಅಂಗೈಯಿಂದ ಸವರಿ ಅಳಿಸಿ, ಮತ್ತೆ ತೀಡಿಸುವುದು ಅಲ್ಲಿನ ಮೇಷ್ಟ್ರಾದ ಐಗಳ ಪದ್ಧತಿ. ಹಿರಿಯ ಹುಡುಗರು ಕಿರಿಯರಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ದಕ್ಷಿಣ ಭಾರತದ ಇಂಥದೇ ಶಾಲೆಯೊಂದನ್ನು ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ತನ್ನ ಅನಾಥಾಲಯದಲ್ಲಿ ಅದನ್ನು ಅಳವಡಿಸಿಕೊಂಡ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೂ ಪ್ರಕಟಿಸಿದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ‘ಮದರಾಸ್ ಪದ್ಧತಿ’ ಎಂದೇ ಹೆಸರಾಯಿತು. ಶಾಲೆಯ ತಂತ್ರಜ್ಞಾನವೆಲ್ಲ ಪಶ್ಚಿಮದಿಂದ ಬಂದದ್ದು ಎಂದು ನಂಬಿದವರು ಈ ಒಂದು ಸರಕಾದರೂ ಆ ಕಡೆಗೆ ಹೋಗಿದೆ ಎಂಬುದನ್ನು ಗಮನಿಸಬೇಕು.

ಮರಳಿನಿಂದ ಮುಂದಕ್ಕೆ ಕಪ್ಪು ಹಲಗೆ. ಹಲಗೆಯ ದೊಡ್ಡಣ್ಣ ಕಡತ. ಸೊರಬಕ್ಕೆ ತಾಗಿದ ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲೂ ಶೃಂಗೇರಿ ಮಠದಲ್ಲೂ ಕಡತಗಳು ಉಳಿದಿವೆ. ಮಾಡುವ ವಿಧಾನ ಸರಳ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಎರಡೂ ಬದಿಗೆ ಬಳಿದು ಒಣಗಿಸಬೇಕು. ಗಟ್ಟಿಯಾದ ಮೇಲೆ ಹಿಂದೆ ಮುಂದೆ ಮಡಿಚಿ, ಮೇಲೊಂದು ಕೆಳಗೊಂದು ಮರದ ತುಂಡು ಅಂಟಿಸಿದರೆ ಪುಸ್ತಕವಾಯಿತು. ಬರೆಯುವುದು ಬಿಳಿ ಬಳಪದಿಂದ. 1810ರಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ಕುತೂಹಲದಿಂದ ವರ್ಣಿಸಿದ್ದಾನೆ. 12ರಿಂದ 18 ಅಡಿ ಉದ್ದದ ಪಟ್ಟಿಗಳು ಎನ್ನುತ್ತಾನೆ. ಅಂಗಡಿಯವರ ಲೆಕ್ಕ, ಮಠದ ಆಯವ್ಯಯ ಎಲ್ಲ ಇದರಲ್ಲೇ. ಲೆಕ್ಕ ಚುಕ್ತಾ ಆದರೆ ಒದ್ದೆ ಬಟ್ಟೆಯಿಂದ ಒರೆಸುವುದು, ಬಣ್ಣ ಮಾಸಿದರೆ ಮತ್ತೆ ಇದ್ದಿಲು ಬಳಿಯುವುದು.

ಕಡತಕ್ಕೂ ಮಕ್ಕಳ ಹಲಗೆಗೂ ಇದ್ದ ಸಮಾನ ಗುಣ ಇಷ್ಟೆ: ಏನು ಉಳಿಯಬೇಕು, ಏನು ಅಳಿಯಬೇಕು ಎಂಬ ತೀರ್ಮಾನ ಬರೆದವನ ಕೈಯಲ್ಲಿತ್ತು. ತಪ್ಪು ಕಾಗುಣಿತಕ್ಕೆ ಸಾಕ್ಷಿ ಉಳಿಯುತ್ತಿರಲಿಲ್ಲ. ಹಲಗೆ ಒಡೆದರೆ ಊರಿನ ಬಡಗಿ, ಬಣ್ಣ ಹೋದರೆ ಮನೆಯ ಒಲೆ. ಮುಂದೆ ಬಂದ ಯಾವ ಉಪಕರಣಕ್ಕೂ ಈ ಭಾಗ್ಯ ಇರಲಿಲ್ಲ.

ರೇಡಿಯೋ ಬಂತು. 1965ರಲ್ಲಿ ಆಕಾಶವಾಣಿ ಭದ್ರಾವತಿ ಕೇಂದ್ರ ಶುರುವಾದ ಮೇಲೆ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಿಗೆ ಹತ್ತಿರದ ದನಿಯೊಂದು ಸಿಕ್ಕಿತು. ಶಾಲಾ ಪ್ರಸಾರ ಹೊಸದೇನೂ ಅಲ್ಲ. ಆದರೆ ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯದ ಶಾಲೆಗಳಲ್ಲಿ ಕೇಳಿಬಂದ ‘ಚುಕ್ಕಿ ಚಿನ್ನ’, ‘ಚಿನ್ನರ ಚುಕ್ಕಿ’ ಕಾರ್ಯಕ್ರಮಗಳ ಕುಶಲತೆಯೇ ಬೇರೆ. ಅವುಗಳ ಮೂಲ ವಿಧಾನ 1970ರ ದಶಕದಲ್ಲಿ ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ರೇಡಿಯೋ ಮೂಲಕ ಗಣಿತ ಕಲಿಸಿದ ಪ್ರಯೋಗದಲ್ಲಿದೆ. ರೇಡಿಯೋದ ಪಾತ್ರ ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಾಗುತ್ತದೆ. ಆ ಮೌನದಲ್ಲಿ ಮಕ್ಕಳು ಕೂಗಿ ಉತ್ತರ ಹೇಳಬೇಕು. ಆಮೇಲೆ ಸರಿಯುತ್ತರ ಬರುತ್ತದೆ. ಮಧ್ಯೆ ಮಧ್ಯೆ ಟೀಚರಿಗೂ ಸೂಚನೆ: ಈಗ ಮಕ್ಕಳನ್ನು ನಿಲ್ಲಿಸಿ, ಈಗ ಬೋರ್ಡಿನ ಮೇಲೆ ಬರೆಯಿರಿ. ಪೆಟ್ಟಿಗೆ ಮಾತನಾಡುವಷ್ಟೇ ಹೊತ್ತು ತರಗತಿಯೂ ಮಾತನಾಡುತ್ತಿತ್ತು. ಶಾಲೆಗೆ ಬಂದ ಪೆಟ್ಟಿಗೆಗಳಲ್ಲಿ ಇಷ್ಟು ಅಗ್ಗದ್ದು, ಇಷ್ಟು ಬುದ್ಧಿವಂತಿಕೆಯದು ಇನ್ನೊಂದಿಲ್ಲ.

ಟಿವಿಯ ಕಥೆ ಅಷ್ಟು ಹಿರಿದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿದ ‘ಸೈಟ್’ ಪ್ರಯೋಗ ಕರ್ನಾಟಕದಲ್ಲಿ ನಡೆದದ್ದು ವಿಜಾಪುರ, ಗುಲ್ಬರ್ಗ, ರಾಯಚೂರುಗಳಲ್ಲಿ. 2004ರಲ್ಲಿ ಎಜುಸ್ಯಾಟ್ ಹಾರಿದಾಗ ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆಯ್ಕೆಯಾದದ್ದು ಚಾಮರಾಜನಗರ. ಮಲೆನಾಡಿನ ಸೆರಗಿನ ಶಿಕಾರಿಪುರ, ಸೊರಬ ಎಂಬ ಈ ಎರಡು ತಾಲ್ಲೂಕುಗಳು ದೊಡ್ಡ ಪ್ರಯೋಗಗಳಿಗೆ ಕಣವಾಗಲಿಲ್ಲ. ರಾಜ್ಯಕ್ಕೆಲ್ಲ ಹಂಚಿದಾಗ ಪಾಲಿಗೆ ಬಂದದ್ದನ್ನು ಪಡೆದವು.

ಆದರೆ ಹಂಚುವವರನ್ನು ಕೊಟ್ಟದ್ದು ಇವೇ ತಾಲ್ಲೂಕುಗಳು ಎಂಬುದು ಬೇರೆ ಮಾತು. ಸೊರಬದ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದರು. ಗ್ರಾಮೀಣ ಕೃಪಾಂಕದ ಮಾತು ಬಂದಾಗ ಜನ ಈಗಲೂ ಅವರ ಹೆಸರು ಎತ್ತುತ್ತಾರೆ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಹೊಂದಿದ್ದಾಗ, 2006-07ರಲ್ಲಿ, ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಮುಂದೆ ಹುಡುಗರಿಗೂ ವಿಸ್ತರಿಸಿತು. ಸೈಕಲ್ಲನ್ನು ಯಾರೂ ಶೈಕ್ಷಣಿಕ ತಂತ್ರಜ್ಞಾನ ಎನ್ನುವುದಿಲ್ಲ. ಆದರೂ ಪ್ರೌಢಶಾಲೆ ನಾಲ್ಕೈದು ಮೈಲಿ ದೂರವಿದ್ದ ಹುಡುಗಿಗೆ ಅದು ಯಾವ ಕಂಪ್ಯೂಟರಿಗಿಂತಲೂ ಮೊದಲು ಬೇಕಿತ್ತು. ಪಂಕ್ಚರ್ ಆದರೆ ಹಾಕುವವರು ಊರಲ್ಲೇ ಸಿಗುತ್ತಿದ್ದರು.

ಕಂಪ್ಯೂಟರ್ ಮಾತ್ರ ಬೀಗ ಹಾಕಿದ ಕೋಣೆಗೆ ಬಂತು. ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸುವ ಕೇಂದ್ರ ಸರ್ಕಾರದ ಮೊದಲ ಯೋಜನೆ ‘ಕ್ಲಾಸ್’ 1984ರದು, ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳೊಂದಿಗೆ. ಅದು ತಲುಪಿದ್ದು ಆಯ್ದ ಶಾಲೆಗಳಿಗೆ. ಸರ್ಕಾರಿ ಪ್ರೌಢಶಾಲೆಗಳ ಮಟ್ಟದಲ್ಲಿ ಕರ್ನಾಟಕದ ಕಥೆ ಶುರುವಾಗುವುದು 2001ರ ‘ಮಾಹಿತಿ ಸಿಂಧು’ವಿನಿಂದ. ಖಾಸಗಿ ತರಬೇತಿ ಕಂಪನಿಗಳು ಯಂತ್ರವನ್ನೂ ಕಲಿಸುವವರನ್ನೂ ಒದಗಿಸಬೇಕು, ಗುತ್ತಿಗೆಯ ಅವಧಿ ಮುಗಿದ ಮೇಲೆ ಶಾಲೆ ಮುಂದುವರಿಸಬೇಕು ಎಂಬ ಏರ್ಪಾಟು.

ಆ ಕಾಲದ ಪ್ರೌಢಶಾಲೆಗಳಲ್ಲಿ ಓದಿದವರಿಗೆ ಆ ಕೋಣೆ ನೆನಪಿರುತ್ತದೆ. ಚಪ್ಪಲಿ ಹೊರಗೆ, ಮಾತು ಮೆಲ್ಲಗೆ, ಒಂದು ಮಾನಿಟರಿಗೆ ನಾಲ್ಕೈದು ತಲೆ, ಮೌಸ್ ಹಿಡಿಯಲು ಪಾಳಿ. ಪೇಂಟಿನಲ್ಲಿ ಒಂದು ಮನೆ, ಮನೆಯ ಹಿಂದೆ ಎರಡು ಗುಡ್ಡ, ಮಧ್ಯೆ ಸೂರ್ಯ. ಕೆಳಗೆ ಹೆಸರು ಬರೆಯಬೇಕಾದರೆ ಇಂಗ್ಲಿಷಿನಲ್ಲಿ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ಕ್ಕೇ ಬಂದಿತ್ತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಹಿಂದೆಯೇ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಇತ್ತು. ಆದರೆ ಒಂದು ಯಂತ್ರದಲ್ಲಿ ಕನ್ನಡವಾಗಿ ಕಾಣುತ್ತಿದ್ದದ್ದು ಆ ಫಾಂಟ್ ಇಲ್ಲದ ಇನ್ನೊಂದರಲ್ಲಿ ಬರೀ ಗೀಚು. ಯುನಿಕೋಡ್ ಬಳಕೆಗೆ ಬಂದು ನೆಲೆಯೂರುವ ತನಕ ಶಾಲೆಯ ಕಂಪ್ಯೂಟರ್ ಕನ್ನಡ ಪಾಠದಿಂದ ದೂರವೇ ಉಳಿಯಿತು. ಮಳೆಗಾಲದಲ್ಲಿ ಮಲೆನಾಡಿನ ಥಂಡಿ, ಸಿಡಿಲು, ಹೋಗಿಬರುವ ಕರೆಂಟು, ಸತ್ತ ಯುಪಿಎಸ್ ಬ್ಯಾಟರಿ. ಗುತ್ತಿಗೆ ಮುಗಿದು ಕಂಪ್ಯೂಟರ್ ಮೇಷ್ಟ್ರು ಹೋದ ಮೇಲೆ ಕೋಣೆಯ ಬೀಗ ತೆಗೆಯಲು ಹೆಡ್ ಮಾಸ್ಟರಿಗೆ ಕಾರಣವೇ ಉಳಿಯುತ್ತಿರಲಿಲ್ಲ. ಲಿಂಗನಮಕ್ಕಿಯ ಅಣೆಕಟ್ಟೆ ಪಕ್ಕದ ಸಾಗರ ತಾಲ್ಲೂಕಿನಲ್ಲೇ 1964ರಿಂದ ನೀರು ಹಿಡಿದು ನಿಂತಿದೆ. ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯ ಶಾಲೆಗಳಲ್ಲಿ ಕರೆಂಟಿಗೆ ಕಾಯುತ್ತ ಕೂರುವ ಪಾಡು.

ಅದೇ ವರ್ಷಗಳಲ್ಲಿ ಕೇರಳ ಬೇರೆ ದಾರಿ ಹಿಡಿಯಿತು. ‘ಐಟಿ ಅಟ್ ಸ್ಕೂಲ್’ ಯೋಜನೆಯಲ್ಲಿ ಕಂಪ್ಯೂಟರ್ ಕಲಿಸಿದ್ದು ಹೊರಗಿನ ಕಂಪನಿಯವರಲ್ಲ. ಗಣಿತದ, ವಿಜ್ಞಾನದ, ಭಾಷೆಯ ಮೇಷ್ಟ್ರುಗಳೇ ತರಬೇತಿ ಪಡೆದು ಕಲಿಸಿದರು. ಯಂತ್ರದೊಳಗೆ ಲೈಸೆನ್ಸ್ ಹಣ ಕೇಳದ ಮುಕ್ತ ತಂತ್ರಾಂಶ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಅಚ್ಚಾಯಿತು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಎರಡೂ ಮಾದರಿಗಳನ್ನು ಹೋಲಿಸಿ ನೋಡಿ, ಮೇಷ್ಟ್ರ ಕೈಗೆ ಕೊಟ್ಟದ್ದೇ ಬಾಳಿತು ಎಂದಿತು. ಕರ್ನಾಟಕ ತಡವಾಗಿಯಾದರೂ ಆ ಕಡೆ ಹೊರಳಿತು: ವಿಷಯ ಶಿಕ್ಷಕರ ವೇದಿಕೆ ಬಂತು, ಶಿಕ್ಷಕರೇ ಪಾಠ ಬರೆದು ಹಂಚಿಕೊಳ್ಳುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ಬಂತು.

ಜಿಯೋಜಿಬ್ರಾ ಎಂಬ ಉಚಿತ ತಂತ್ರಾಂಶವನ್ನು ತೆಗೆದುಕೊಂಡರೆ ಹೊರಳಿದ್ದು ಏನು ಎಂದು ತಿಳಿಯುತ್ತದೆ. ಪರದೆಯ ಮೇಲೊಂದು ತ್ರಿಭುಜ. ಅದರ ಒಂದು ಮೂಲೆ ಹಿಡಿದು ಎಳೆದರೆ ಮೂರೂ ಕೋನಗಳ ಅಂಕಿ ಬದಲಾಗುತ್ತ ಹೋಗುತ್ತದೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಂತಿರುತ್ತದೆ. ಬೋರ್ಡಿನ ಮೇಲೆ ಹತ್ತು ತ್ರಿಭುಜ ಎಳೆದು ತೋರಿಸಿದರೂ ಹನ್ನೊಂದನೆಯದರ ಬಗ್ಗೆ ಅನುಮಾನ ಉಳಿಸಿಕೊಳ್ಳುವ ಹುಡುಗ ಇಲ್ಲಿ ತಾನೇ ಎಳೆದು ನೋಡುತ್ತಾನೆ. ಯಾಕೆ ಹಾಗಾಗುತ್ತದೆ ಎಂದು ಪರದೆ ಹೇಳುವುದಿಲ್ಲ. ಆ ಪ್ರಶ್ನೆ ಎತ್ತುವುದು, ಸಮಾಂತರ ರೇಖೆಯೊಂದನ್ನು ಎಳೆದು ಸಾಧಿಸುವುದು ಮೇಷ್ಟ್ರ ಕೆಲಸ. ಕನ್ನಡದಲ್ಲೂ ಸಿ.ಡಿ. ಪಾಠಗಳನ್ನು ತಯಾರಿಸಿ ಸಾವಿರಾರು ಶಾಲೆಗಳಿಗೆ ಮುಟ್ಟಿಸಿದ್ದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊನೆಗೆ ಆ ಕಾರ್ಯಕ್ರಮದಿಂದಲೇ ಹಿಂದೆ ಸರಿಯಿತು. ಕಂಪ್ಯೂಟರ್ ಶಿಕ್ಷಕನ ಜಾಗ ತುಂಬಲಾರದು ಎಂದು ಅದರ ಮುಖ್ಯಸ್ಥರೇ 2010ರಲ್ಲಿ ಬರೆದರು. ಯೋಜನೆ ಕೈಬಿಟ್ಟಾಗ ಕಾರಣ ಹೇಳುವ ಸಂಸ್ಥೆಗಳು ಅಪರೂಪ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದವು. ಆಗ ಮುಖ್ಯಮಂತ್ರಿ ಶಿಕಾರಿಪುರದ ಶಾಸಕ ಯಡಿಯೂರಪ್ಪನವರೇ. ಜೂನ್‌ನಲ್ಲಿ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದಿತು; ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂತು: ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಳಿಗಿಂತ ಹೆಚ್ಚು ಕೂಡದು, ಒಂಬತ್ತರಿಂದ ಹನ್ನೆರಡಕ್ಕೆ ನಾಲ್ಕು. ನಗರದ ಖಾಸಗಿ ಶಾಲೆಗಳಿಗೆ ಇದು ಕಡಿವಾಣ. ಮೊಬೈಲಿಗೆ ರೇಂಜ್ ಹುಡುಕಿಕೊಂಡು ಗುಡ್ಡ ಹತ್ತುವ ಊರುಗಳಲ್ಲಿ ಮಿತಿಯ ಮಾತು ಯಾರಿಗೆ ಬೇಕಿತ್ತು? ಪಕ್ಕದ ಸಾಗರ, ಹೊಸನಗರ ಕಡೆ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಚಳವಳಿಯೇ ಹುಟ್ಟಿತು.

ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೇ ತರಗತಿಗೆ ಪಾಠಗಳು ಬಂದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಮೇಷ್ಟ್ರುಗಳು ಊರೂರಿಗೆ ಹೋಗಿ ಜಗಲಿಯಲ್ಲಿ, ಗುಡಿಯ ಅಂಗಳದಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಜನ ಅದನ್ನು ವಠಾರ ಶಾಲೆ ಎಂದರು. ಸೋಂಕು, ಶಿಕ್ಷಕರ ಸಾವುಗಳ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು; 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಐಗಳ ಕಾಲದ ಜಗಲಿ ಶಾಲೆಯನ್ನು ಸರ್ಕಾರಿ ಆದೇಶದ ಮೂಲಕ ಮರಳಿ ತಂದದ್ದು ಮೊಬೈಲ್ ಯುಗವೇ.

ಆ ಎರಡು ವರ್ಷ ಉಳಿಸಿಹೋದದ್ದು ಮನೆಮನೆಯ ಫೋನು. ದೇಶದ ಗ್ರಾಮೀಣ ಪ್ರದೇಶದ ‘ಅಸರ್’ ಸಮೀಕ್ಷೆಯ 2024ರ ವರದಿಯಂತೆ 14ರಿಂದ 16ರ ವಯಸ್ಸಿನವರಲ್ಲಿ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾ ನೋಡಿದವರು ಶೇ 76. ಹಾಗೆ ನೋಡುವವರಲ್ಲಿ ತೊಂದರೆ ಕೊಡುವವರನ್ನು ಬ್ಲಾಕ್ ಮಾಡಲು ಬರುವುದು ಶೇ 62 ಮಂದಿಗೆ. ಪಾಸ್‌ವರ್ಡ್ ಬದಲಿಸಲು, ಪ್ರೊಫೈಲ್ ಅನ್ನು ಖಾಸಗಿ ಮಾಡಿಕೊಳ್ಳಲು ಬರುವವರು ಇನ್ನೂ ಕಡಿಮೆ. ಮಗ್ಗಿ, ಕಾಗುಣಿತದ ಹಾಗೆ ಇವೂ ಕೂರಿಸಿಕೊಂಡು ಕಲಿಸಬೇಕಾದ ಪಾಠಗಳು. ಮೋಸವಾದರೆ 1930, ಮಗು ಸಂಕಟದಲ್ಲಿದ್ದರೆ 1098 ಎಂಬ ಎರಡು ನಂಬರು ಗೋಡೆಯ ಮೇಲೆ ಬರೆಸಲು ಲ್ಯಾಬ್ ಬೇಕಿಲ್ಲ, ಬಣ್ಣದ ಡಬ್ಬಿ ಸಾಕು.

ಮಕ್ಕಳ ಕೈಯ ಫೋನಿನ ಬಗ್ಗೆ ಆಗುವಷ್ಟು ಮಾತು ಶಾಲೆಯ ಕೈಯ ಫೋನಿನ ಬಗ್ಗೆ ಆಗುವುದಿಲ್ಲ. ಈಗ ಪ್ರತಿ ಮಗುವಿಗೂ ವಿದ್ಯಾರ್ಥಿಗಳ ದಾಖಲೆಯಿಡುವ ತಂತ್ರಾಂಶದ ಎಸ್‌ಎಟಿಎಸ್ ಸಂಖ್ಯೆಯಿದೆ. ಹೆಸರು, ಜಾತಿ, ಅಂಕ, ಪೋಷಕರ ವಿವರ ಎಲ್ಲ ಆ ತಂತ್ರಾಂಶದಲ್ಲಿ. 2023ರ ಮೇ ತಿಂಗಳಲ್ಲಿ ಶಾಲಾ ಶಿಕ್ಷಣ ಸಚಿವರಾದ ಮಧು ಬಂಗಾರಪ್ಪ ಸೊರಬದ ಶಾಸಕರು. ಅವರ ಇಲಾಖೆ 2025ರಲ್ಲಿ ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆಯನ್ನು ಮುಂದಿಟ್ಟಾಗ ಶಿಕ್ಷಣ ತಜ್ಞರಿಂದ ಆಕ್ಷೇಪ ಬಂತು. ಹಾಜರಿ ಪುಸ್ತಕದ ಸುಳ್ಳು ತಪ್ಪುತ್ತದೆ, ಬಿಸಿಯೂಟದ ಲೆಕ್ಕ ಸರಿಯಾಗುತ್ತದೆ ಎಂಬುದು ಇಲಾಖೆಯ ಕಡೆಯ ವಾದ. ಆರು ವರ್ಷದ ಮಗುವಿನ ಮುಖದ ಅಳತೆ ಯಾರ ಸರ್ವರಿನಲ್ಲಿ, ಎಷ್ಟು ವರ್ಷ ಇರುತ್ತದೆ ಎಂಬುದು ಎದುರು ಪ್ರಶ್ನೆ. ಯುನೆಸ್ಕೋ ತನ್ನ 2023ರ ಜಾಗತಿಕ ಶಿಕ್ಷಣ ವರದಿಯಲ್ಲಿ ಎತ್ತಿದ್ದೂ ಇದನ್ನೇ: ಶಾಲೆಯೊಳಗಿನ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ನಡೆಯಬೇಕು? ಎದುರು ಪ್ರಶ್ನೆಯ ತೂಕ ಹೆಚ್ಚು. ಹಾಜರಿಯ ಸುಳ್ಳನ್ನು ಹಿಡಿಯಲು ಬೇರೆ ದಾರಿಗಳಿವೆ, ಸೋರಿಹೋದ ಮುಖವನ್ನು ಬದಲಿಸಲು ದಾರಿಯಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಕಲಿಕೆ ಮತ್ತು ಸುರಕ್ಷತೆಯ ಕಾರಣಕ್ಕೆ ಶಾಲೆಗಳಿಗೆ ಒಂದಿಷ್ಟು ವಿನಾಯಿತಿ ಕೊಟ್ಟಿವೆ. ವಿನಾಯಿತಿಯ ಗಡಿ ಎಲ್ಲಿ ಮುಗಿಯುತ್ತದೆ ಎಂಬುದು ಹಳ್ಳಿಯ ಶಾಲೆಯಲ್ಲಿ ದಿನವೂ ಬರುವ ಪ್ರಶ್ನೆ. ಊಟಕ್ಕೆ ಕೂತ ಮಕ್ಕಳ ಫೋಟೊ, ಸೈಕಲ್, ಸಮವಸ್ತ್ರ ಹಂಚಿದ ಫೋಟೊ, ಪ್ರತಿಭಾ ಕಾರಂಜಿಯಲ್ಲಿ ಗೆದ್ದವರ ಫೋಟೊ, ಎಲ್ಲವೂ ಮೇಷ್ಟ್ರ ಸ್ವಂತ ಫೋನಿನಲ್ಲಿ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತವೆ. ಮೇಷ್ಟ್ರಿಗೆ ವರ್ಗವಾದರೆ ಫೋನಿನ ಜೊತೆ ಅವೂ ವರ್ಗವಾಗುತ್ತವೆ. ಶಾಲೆಗಳಲ್ಲಿ ಪೋಷಕರೇ ಕೂರುವ ಶಾಲಾಭಿವೃದ್ಧಿ ಸಮಿತಿಗಳಾದ ಎಸ್‌ಡಿಎಂಸಿಗಳನ್ನು ಸರ್ಕಾರ ರಚಿಸಿದ್ದೂ ಮಾಹಿತಿ ಸಿಂಧು ಶುರುವಾದ 2001ರಲ್ಲೇ. ಕಟ್ಟಡದ ಸುಣ್ಣಬಣ್ಣ, ಬಿಸಿಯೂಟದ ಬೇಳೆಯ ಲೆಕ್ಕ ಕೇಳುವ ಆ ಸಭೆಯಲ್ಲಿ ಮಕ್ಕಳ ಫೋಟೊ ಎಲ್ಲಿಗೆ ಹೋಗುತ್ತದೆ, ಯಾರು ಅಳಿಸುತ್ತಾರೆ ಎಂದು ಕೇಳಲು ಪೋಷಕರಿಗೆ ಹೊಸ ಕಾಯ್ದೆಯೇನೂ ಬೇಕಿಲ್ಲ.